ಕ್ಯಾಮೆರಾ ಎಂಬ ನೆಪ

ಹೊಸ ಫೋನು ಬೇಕು ಅಂತ ನೇರವಾಗಿ ಬಾಯಿಬಿಡೋದು ಮರ್ಯಾದಸ್ತರ ಮನೆಯಲ್ಲಿ ನಡೆಯೋ ಮಾತಲ್ಲ. ಹಾಗೆ ಕೇಳಿದರೆ ಅದು ಆಸೆ. ‘ಯಾಕೋ ಈ ಫೋನಿನ ಕ್ಯಾಮೆರಾ ಸರಿಯಿಲ್ಲ’ ಅಂದು ನೋಡಿ, ತಕ್ಷಣ ಅಗತ್ಯ ಆಗಿಬಿಡುತ್ತೆ. ಬ್ಯಾಟರಿ ನಿಲ್ತಿಲ್ಲ ಅಂದರೆ ಬೇರೆ ಬ್ಯಾಟರಿ ಹಾಕಿಸು ಅಂತಾರೆ. ಜಾಗ ಸಾಲ್ತಿಲ್ಲ ಅಂದರೆ ಆ ಗುಡ್ ಮಾರ್ನಿಂಗ್ ಗುಲಾಬಿಗಳನ್ನೆಲ್ಲ ಅಳಿಸು ಅಂತಾರೆ. ಕ್ಯಾಮೆರಾಗೆ ಮಾತ್ರ ಮರುಮಾತಿಲ್ಲ. ಮೊಮ್ಮಗುವಿನ ಮೊದಲ ಹೆಜ್ಜೆ, ಅಕ್ಕನ ಮಗಳ ಧಾರೆ, ಸಂಕ್ರಾಂತಿಯ ರಂಗೋಲಿ, ಇಷ್ಟನ್ನೂ ಮಸುಕು ಮಸುಕಾಗಿ ಇಟ್ಟುಕೋ ಅಂತ ಯಾವ ಗಂಡಸು ತಾನೇ ಹೇಳಿಯಾನು?

ನಮ್ಮವರು ಹೇಳಿದರು.

“ಈಗಿರೋದಕ್ಕೆ ಏನಾಗಿದೆಯೇ?” ಅಂತ ಫೋನು ಇಸಿದುಕೊಂಡು, ಹಿಂದೆ ಮುಂದೆ ತಿರುಗಿಸಿ, ಹೆಗಲ ಮೇಲಿನ ಟವೆಲ್ಲಿನ ತುದಿಯಿಂದ ಲೆನ್ಸನ್ನು ಗಸಗಸ ಉಜ್ಜಿದರು. ಒಗ್ಗರಣೆ ಕೈ, ಅರಿಸಿನದ ಬೆರಳು, ಮೊಮ್ಮಗುವಿನ ಬಿಸ್ಕತ್ತು ಎಲ್ಲವೂ ಅಲ್ಲಿ ಪದರಪದರವಾಗಿ ಕೂತಿತ್ತು. ಉಜ್ಜಿ, ದೇವರಮನೆ ಕಡೆ ಹಿಡಿದು ಒಂದು ಫೋಟೋ ತೆಗೆದರು. ನಂದಾದೀಪದ ಬತ್ತಿಯ ತುದಿಯ ಕರಿ ಕೂಡ ಬಿಡಿಬಿಡಿಯಾಗಿ ಬಂತು. “ಚೆನ್ನಾಗೇ ಇದೆಯಲ್ಲ!” ಅಂತ ಕೈಗಿಟ್ಟು ಹೊರಟುಹೋದರು. ಇಷ್ಟು ದಿನ ಕಟ್ಟಿದ ಕೇಸು ಒಂದು ಟವೆಲ್ಲಿಗೆ ಬಿದ್ದುಹೋಯಿತು.

ಆದರೆ ಓರಗಿತ್ತಿ ಕೈಯಲ್ಲಿ ನೋಡಿ ಹುಟ್ಟಿದ ಆಸೆ ಅಷ್ಟು ಸುಲಭಕ್ಕೆ ಸಾಯೋ ಜಾತಿಯದಲ್ಲ. ದಸರೆಯಲ್ಲಿ ಅವಳ ಮನೆಗೆ ಗೊಂಬೆ ಆರತಿಗೆ ಹೋಗಿದ್ದೆವು. ಹೊಸ ಫೋನು, ಬೆನ್ನಿಗೆ ಮೂರು ಕಣ್ಣು. ಪಟ್ಟದ ಗೊಂಬೆಗಳ ಮುಂದೆ ಅತ್ತೆಯವರನ್ನು ಕೂರಿಸಿ ಕ್ಲಿಕ್ಕಿಸಿದಳು. ರಾಜನ ಪೇಟದ ಜರಿ, ರಾಣಿಯ ಮೂಗುಬೊಟ್ಟು, ಕೆಳಸಾಲಿನ ಶೆಟ್ಟರ ಅಂಗಡಿಯಲ್ಲಿ ಸುರಿದಿದ್ದ ತೊಗರಿಬೇಳೆ, ಎಲ್ಲ ಎಣಿಸಿಕೊಳ್ಳೋ ಹಾಗೆ ಬಂದಿತ್ತು. ನನಗೆ ಮಾತೇ ಹೊರಡಲಿಲ್ಲ. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿ, “ಗೊಂಬೆಗಳೇನೋ ಬಲು ಚೆನ್ನಾಗಿವೆ ಕಣಮ್ಮ. ಮಧ್ಯ ಕೂತಿದಾಳಲ್ಲ, ಆ ಹುಡುಗಿ ಯಾರು?” ಅಂದರು. ಬ್ಯೂಟಿ ಮೋಡು ಅವರ ಎಪ್ಪತ್ತು ದಾಟಿದ ಮುಖವನ್ನು ಸಪಾಟು ಮಾಡಿ, ಕೆನ್ನೆಯ ಮಚ್ಚೆಯನ್ನೂ ಎಗರಿಸಿತ್ತು. “ಆ ಮಚ್ಚೆ ನೋಡಿಯೇ ನಿಮ್ಮ ಮಾವನೋರು ನನ್ನ ಒಪ್ಪಿದ್ದು. ಮೊದಲು ಅದನ್ನ ವಾಪಸ್ ಹಾಕು” ಅಂತ ಪಟ್ಟು ಹಿಡಿದು ಕೂತರು.

ಅವತ್ತಿನಿಂದ ನನಗೆ ರಾತ್ರಿಯೆಲ್ಲ ರಿವ್ಯೂ ವಿಡಿಯೋ ನೋಡೋ ರೋಗ. ನೋಡ್ತಾ ನೋಡ್ತಾ ಪಂಡಿತಳೇ ಆಗಿಬಿಟ್ಟೆ. 2000ನೇ ಇಸವಿಯಲ್ಲಿ ಜಪಾನಿನ ಶಾರ್ಪ್ ಕಂಪನಿ ತಂದ ಕ್ಯಾಮೆರಾ ಫೋನಿಗಿದ್ದದ್ದು ಬರೀ 0.11 ಮೆಗಾಪಿಕ್ಸೆಲ್. 2012ರಲ್ಲಿ ನೋಕಿಯಾ ಅದನ್ನು 41ಕ್ಕೆ ಏರಿಸಿತು. ಈಗ 200. ಕೇಳೋಕೆ ಎಷ್ಟು ಭರ್ಜರಿ! ಆದರೆ ಪಿಕ್ಸೆಲ್ ಸಣ್ಣದಾದಷ್ಟೂ ಅದರ ಪಾಲಿಗೆ ಬರೋ ಬೆಳಕೂ ಚೂರೇ. ಅದಕ್ಕೇ ಫೋನು ಹದಿನಾರು ಹದಿನಾರು ಪಿಕ್ಸೆಲ್ ಕೂಡಿಸಿ ಒಂದು ಮಾಡಿಕೊಳ್ಳುತ್ತೆ. ಅಲ್ಲಿಗೆ 200 ಹೋಗಿ 12.5 ಆಯಿತು. ಅದನ್ನು ವಾಟ್ಸಾಪಿಗೆ ಹಾಕಿದಿರೋ, ಎಚ್‌ಡಿ ಒತ್ತೋದು ಮರೆತರೆ ಅದು ಹಿಂಡಿ ಹಿಂಡಿ ಎರಡು ಮೆಗಾಪಿಕ್ಸೆಲ್ ಆಸುಪಾಸಿಗೆ ತಂದು ಬಿಡುತ್ತೆ. ಅದನ್ನು ದೊಡ್ಡಪ್ಪನವರು ಗಾಜು ಸೀಳಿದ ಫೋನಿನಲ್ಲಿ ನೋಡಿ, ಅಥವಾ ನೋಡದೆಯೇ, ಒಂದು ಹೆಬ್ಬೆರಳು ಎತ್ತಿ ಕಳಿಸುತ್ತಾರೆ. ಆ ಹೆಬ್ಬೆರಳಿನ ಬೆಲೆ ಲಕ್ಷ ರೂಪಾಯಿ.

ಇನ್ನು ಚಂದ್ರನ ವಿಷಯ. ನೂರು ಪಟ್ಟು ಜೂಮ್ ಮಾಡಿದರೆ ಚಂದ್ರನ ಮೇಲಿನ ಕುಳಿಗಳೆಲ್ಲ ಕಾಣುತ್ತವೆ ಅಂತ ಜಾಹೀರಾತು. 2023ರಲ್ಲಿ ಒಬ್ಬ ಕಿಲಾಡಿ ಚಂದ್ರನ ಚಿತ್ರವನ್ನು ಬೇಕಂತಲೇ ಮಸುಕು ಮಾಡಿ, ಕಂಪ್ಯೂಟರ್ ಪರದೆ ಮೇಲೆ ಇಟ್ಟು, ದೀಪ ಆರಿಸಿ, ಸ್ಯಾಮ್‌ಸಂಗ್ ಫೋನಿನಲ್ಲಿ ಫೋಟೋ ತೆಗೆದ. ಪರದೆಯಲ್ಲಿ ಇಲ್ಲದ ಕುಳಿಗಳೆಲ್ಲ ಫೋಟೋದಲ್ಲಿ ಬಂದವು! ಇದು ಚಂದ್ರ ಅಂತ ಗುರುತು ಹಿಡಿದ ಕೂಡಲೇ ಫೋನಿನ ಎಐ ವಿವರಗಳನ್ನು ತಿದ್ದಿ ತೀಡುತ್ತೆ ಅಂತ ಕಂಪನಿಯೇ ವಿವರಣೆ ಕೊಟ್ಟಿತು. ಜನ ಮೋಸ ಅಂತ ಕೂಗಾಡಿದರು. ನನಗೆ ಮಾತ್ರ ಖುಷಿಯಾಯಿತು. ಚೌತಿ ಚಂದ್ರನನ್ನು ನೋಡಿದರೆ ಅಪವಾದ ಬರುತ್ತೆ, ಶಮಂತಕಮಣಿ ಕಥೆ ಕೇಳಿ ಪರಿಹಾರ ಮಾಡಿಕೊಳ್ಳಬೇಕು. ಫೋನಿನಲ್ಲಿ ನೋಡಿದರೆ ಆ ರಗಳೆಯೇ ಇಲ್ಲ. ನೋಡಿದ್ದು ಅರ್ಧ ಚಂದ್ರ, ಇನ್ನರ್ಧ ಕಂಪನಿ.

ಇದನ್ನೆಲ್ಲ ವಿವರವಾಗಿ ಹೇಳಿ, ಕೊನೆಗೆ ನಾಡಭಕ್ತಿಯನ್ನೂ ಎಳೆದು ತಂದೆ. “ಐಫೋನನ್ನ ಈಗ ನಮ್ಮಲ್ಲೇ ಜೋಡಿಸ್ತಾರಂತೆ ಕಣ್ರೀ, ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ. ಚಕ್ಕೋತದ ಊರಲ್ಲಿ ಈಗ ಕಚ್ಚಿದ ಸೇಬು ಬಿಡ್ತಿದೆ! ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತಲ್ಲ, ಆ ಜಿಲ್ಲೆಗೆ ಎಷ್ಟು ಒಳ್ಳೇದಾಯ್ತು ನೋಡಿ.”

“ಒಳ್ಳೇದೇ. ಚಿನ್ನ ಹೋದರೂ ಚಿನ್ನದ ರೇಟು ಹೋಗಲಿಲ್ಲ.”

“ಪಕ್ಕದಲ್ಲೇ ಮಾಡ್ತಾರೆ, ಸ್ವಲ್ಪ ಕಡಿಮೆಗೆ ಸಿಗಬಹುದೇನೋ.”

“ಮಂಡ್ಯದ ಪಕ್ಕ ಇದೀವಿ ಅಂತ ನಮಗೆ ಯಾರು ಸಕ್ಕರೆ ಬಿಟ್ಟಿ ಕೊಟ್ಟಿದಾರೆ?”

ಇದಾದ ಮೇಲೆ ಸ್ವಲ್ಪ ದಿನ ಸುಮ್ಮನಿದ್ದೆ. ಸುಮ್ಮನಿರೋಕೆ ಬಿಟ್ಟರೆ ತಾನೇ! ಈ ಆಸೆಗೂ ಒಂದು ಪಂಚಾಂಗ ಇದೆ. ಸೆಪ್ಟೆಂಬರಿನಲ್ಲಿ ಐಫೋನು ಬಿಡುಗಡೆ. ಅದರ ಬೆನ್ನಿಗೇ ದಸರಾ, ದೀಪಾವಳಿ ಆಫರು. ವರ್ಷ ತಿರುಗುತ್ತಿದ್ದ ಹಾಗೆ ಸ್ಯಾಮ್‌ಸಂಗಿನ ಹೊಸದು. ಆಮೇಲೆ ಯುಗಾದಿ ಎಕ್ಸ್‌ಚೇಂಜು. ಬಡ್ಡಿಯಿಲ್ಲದ ಕಂತು ಅನ್ನೋದಂತೂ ಹನ್ನೆರಡು ತಿಂಗಳೂ. ಇವತ್ತು ಕೊಂಡರೆ ಮುಂದಿನದು ಇನ್ನೂ ಚೆನ್ನಾಗಿರುತ್ತಲ್ಲ ಅನ್ನೋ ಸಂಕಟ, ಕೊಳ್ಳದಿದ್ದರೆ ಆಫರು ಹೋಯಿತಲ್ಲ ಅನ್ನೋ ಸಂಕಟ. ಕೊಳ್ಳದೆ ಬರೀ ಆಸೆಪಡುತ್ತಾ ಇರೋದರಲ್ಲಿ ಒಂದು ಲಾಭವಿದೆ: ಎಲ್ಲ ಕಂಪನಿಯ ಎಲ್ಲ ಫೋನುಗಳೂ ನಮ್ಮವೇ. ಕೊಂಡ ಗಳಿಗೆಯಿಂದ ಒಂದೇ ಒಂದು ನಮ್ಮದು, ಉಳಿದದ್ದೆಲ್ಲ ಓರಗಿತ್ತಿಯದು.

ಹೀಗೆ ವೇದಾಂತ ಹೇಳಿಕೊಂಡು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಮೊನ್ನೆ ರಾತ್ರಿ ಎಚ್ಚರವಾದಾಗ ಪಕ್ಕದ ಹೊದಿಕೆಯೊಳಗಿಂದ ನೀಲಿ ಬೆಳಕು, ಜೊತೆಗೆ ಸಣ್ಣ ದನಿಯಲ್ಲಿ ಯಾರೋ ಆಪ್ಟಿಕಲ್ ಜೂಮ್ ಬಗ್ಗೆ ಉಪನ್ಯಾಸ. ಹೊದಿಕೆ ಎಳೆದೆ. ಇವರು ಒಂದಿಷ್ಟೂ ತಬ್ಬಿಬ್ಬಾಗಲಿಲ್ಲ.

“ನನಗಲ್ಲ ಕಣೇ. ಅಮ್ಮನ ಬ್ಲಡ್ ರಿಪೋರ್ಟು ಡಾಕ್ಟರಿಗೆ ಕಳಿಸಿದರೆ ಅಕ್ಷರ ಸರಿಯಾಗಿ ಕಾಣಲ್ಲ ಅಂತಾರೆ. ಹೆಚ್ಚುಕಮ್ಮಿ ಓದಿಬಿಟ್ಟರೆ?”

ನಾನಿನ್ನೂ ಮೊಮ್ಮಗು, ರಂಗೋಲಿ ಅಂತ ಚಿಲ್ಲರೆ ನೆಪಗಳಲ್ಲೇ ಒದ್ದಾಡುತ್ತಿದ್ದೆ. ಈ ಮನುಷ್ಯ ಒಂದೇ ಏಟಿಗೆ ತಾಯಿಯ ರಕ್ತಕ್ಕೇ ಕೈಹಾಕಿದರು. ಮಾತೃಭಕ್ತಿಗೆ ಅಡ್ಡ ಬರೋಕೆ ನಾನ್ಯಾರು? ಪಕ್ಕಕ್ಕೆ ತಿರುಗಿ ಮಲಗುತ್ತಾ ಇಷ್ಟೇ ಹೇಳಿದೆ: “ಹಾಗಾದರೆ ಮೂರು ಕಣ್ಣಿಂದೇ ನೋಡಿ. ಅತ್ತೆ ಆರೋಗ್ಯದಲ್ಲಿ ಜುಗ್ಗತನ ಬೇಡ.”