ವಯೋನಿವೃತ್ತಿಯ ಅಂಚಿನಲ್ಲಿರುವ ನನ್ನ ಕಂಪ್ಯೂಟರಿಗೊಂದು ಬಹಿರಂಗ ಪತ್ರ

ಗೆ,
ಶ್ರೀ ಕಂಪ್ಯೂಟರ್ ಅವರು,
ಹಜಾರದ ಕಿಟಕಿ ಪಕ್ಕದ ಮೇಜು,
ಸ್ವಗೃಹ.

ಮಾನ್ಯರೇ,

ವಿಷಯ: ತಮ್ಮನ್ನು ಸೇವೆಯಲ್ಲಿ ಮುಂದುವರಿಸುವ ಅಥವಾ ಬಿಡುಗಡೆಗೊಳಿಸುವ ಬಗ್ಗೆ.

ಉಲ್ಲೇಖ: 1) ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿಯಿತೆಂದು ತಮ್ಮ ಪರದೆಯ ಮೇಲೆ ಮೂಡಿದ ಪ್ರಕಟಣೆ.
2) ಬೆಂಗಳೂರಿನಲ್ಲಿರುವ ಮಗನ ಮೌಖಿಕ ಆದೇಶ: ‘ಅಪ್ಪಾ, ಅದನ್ನ ಬಿಸಾಕಿ, ಹೊಸದು ತಗೊಳ್ಳಿ.’
3) ಮನೆಯವಳ ಷರಾ: ‘ನೋಡ್ಕೊಂಡು ಮಾಡಿ.’

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ... ಇರಲಿ. 37 ವರ್ಷ ತಾಲ್ಲೂಕು ಕಚೇರಿಯಲ್ಲಿ ಬರೆದ ಚಾಳಿ, ಕೈ ಬಿಡುವುದಿಲ್ಲ. ಎಂಟು ವರ್ಷ ಎದುರುಬದುರು ಕೂತವರು ನಾವು, ಇನ್ನು ಮುಂದೆ ನೀನು ಎಂದೇ ಬರೆಯುತ್ತೇನೆ. ಕಾಗದದ ಮೇಲೆ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ನಿನ್ನಲ್ಲೇ ಟೈಪು ಮಾಡಿದರೆ ಅರ್ಧಕ್ಕೇ ವಿಷಯ ತಿಳಿದು ಕಲ್ಲಾಗಿ ಕೂತುಬಿಡುತ್ತೀಯೇನೋ ಎಂಬ ಅಂಜಿಕೆ.

ಬಹಿರಂಗವಾಗಿ ಬರೆಯಲು ಕಾರಣವಿದೆ. ನಿನ್ನಂಥವರು ನೀನೊಬ್ಬನೇ ಅಲ್ಲ. ಕೆನಾಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರಲ್ಲೇ ಲೆಕ್ಕ ಹಾಕಿ, ಈ ಒಂದು ತಾರೀಖಿನ ದೆಸೆಯಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರುಗಳು ಗುಜರಿ ಸೇರಬಹುದು ಎಂದಿತ್ತು. ಇಪ್ಪತ್ನಾಲ್ಕು ಕೋಟಿ ವಯೋನಿವೃತ್ತಿ! ಪ್ರತಿ ವರ್ಷ ಮೇ 31ರಂದು ನಮ್ಮ ಕಚೇರಿಗಳಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಹಾಹಾಕಾರ ಏಳುವುದನ್ನು ಕಂಡವನು ನಾನು. ನಿಮಗೆಲ್ಲ ಒಂದೊಂದು ಶಾಲು ಹೊದಿಸುವುದಾದರೆ ಯಾವ ಮಗ್ಗವೂ ಸಾಲದು.

ಮೇ 31 ಏಕೆ ಎಂದು ನಿನಗೆ ಗೊತ್ತಿರಲಾರದು. ನಮ್ಮ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು, ‘ಹುಟ್ಟಿದ ತಾರೀಖು?’ ಎನ್ನುತ್ತಿದ್ದರು. ಅಪ್ಪ ತಲೆ ಕೆರೆದುಕೊಳ್ಳುತ್ತಿದ್ದರು. ಮೇಷ್ಟ್ರು ಜೂನ್ 1 ಎಂದು ಬರೆದು ಮುಂದಿನವರನ್ನು ಕರೆಯುತ್ತಿದ್ದರು. ಹೀಗೆ ಒಂದೇ ದಿನ ಹುಟ್ಟಿದ ನಾವೆಲ್ಲ 60 ವರ್ಷದ ನಂತರ ಮೇ 31ರಂದು ಸಾಮೂಹಿಕವಾಗಿ ಮುದುಕರಾಗುತ್ತೇವೆ. ಅವ್ವ ಮಾತ್ರ ಸಾಯುವತನಕ ಹೇಳುತ್ತಿದ್ದಳು, ‘ನೀನು ಹುಟ್ಟಿದ್ದು ದೀಪಾವಳಿಯ ನೀರು ತುಂಬೋ ಹಬ್ಬದ ದಿನ ಕಣೋ, ಹಂಡೆಗೆ ಸುಣ್ಣ ಬಳೀತಿದ್ದೆ.’ ಸುಣ್ಣ ಬಳಿದ ಹಂಡೆಗೆ ಸೇವಾ ಪುಸ್ತಕದಲ್ಲಿ ಕಾಲಮ್ಮಿಲ್ಲ. ಐದು ತಿಂಗಳ ಸಂಬಳ ಅಲ್ಲಿಗೆ ಹೋಯಿತು.

ಈಗ ನಿನ್ನ ಸೇವಾ ಪುಸ್ತಕ ತೆರೆಯೋಣ. 2017ರ ಆಗಸ್ಟ್‌ನಲ್ಲಿ ಗೌರಿ ಗಣೇಶ ಹಬ್ಬದ ರಿಯಾಯಿತಿ ಎಂದು ನಿನ್ನನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಇಂಟೆಲ್‌ನ ಏಳನೇ ತಲೆಮಾರಿನ ಪ್ರೊಸೆಸರ್, ಎಂಟು ಜಿಬಿ ರ‍್ಯಾಮ್, ಒಂದು ಟಿಬಿ ಹಾರ್ಡ್ ಡಿಸ್ಕ್. ಅಂಗಡಿಯವನು, ‘ಸಾರ್, ಇದು ಲೇಟೆಸ್ಟು’ ಎಂದ. ಸುಳ್ಳೇನೂ ಹೇಳಲಿಲ್ಲ. ಅವತ್ತಿಗೆ ಲೇಟೆಸ್ಟೇ. ಆದರೆ ಅದೇ ಅಕ್ಟೋಬರ್ 5ಕ್ಕೆ ಡೆಸ್ಕ್‌ಟಾಪಿನ ಎಂಟನೇ ತಲೆಮಾರು ಹುಟ್ಟಿತು. ದೀಪಾವಳಿ ರಿಯಾಯಿತಿಗೆ ಕಾದಿದ್ದರೆ ಈ ಪತ್ರವೇ ಬೇಕಿರಲಿಲ್ಲ. ನೋಡಿದೆಯಾ, ದೀಪಾವಳಿಗೆ ಸಲ್ಲಬೇಕಾದವರು ನಾವಿಬ್ಬರೂ. ಇಬ್ಬರನ್ನೂ ಯಾರೋ ಹಬ್ಬಕ್ಕೆ ಮುಂಚೆಯೇ ರಿಜಿಸ್ಟರಿಗೆ ಹತ್ತಿಸಿಬಿಟ್ಟರು.

ಎಂಟನೇ ತಲೆಮಾರಿಗೇನು ವಿಶೇಷ? ವಿಂಡೋಸ್ 11ರ ಒಪ್ಪಿಗೆ ಪಟ್ಟಿ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಅಲ್ಲಿಂದಲೇ ಶುರುವಾಗುತ್ತದೆ. ಇದನ್ನು ಕೇಳಿ ನಮ್ಮ ಪುರೋಹಿತರು ತಲೆದೂಗಿದರು. ‘ಸರಿಯಾಗೇ ಇದೆ ಸ್ವಾಮಿ. ಏಳು ತಲೆಮಾರಿನೊಳಗೆ ಸಪಿಂಡ, ಸಂಬಂಧ ಕೂಡದು. ಎಂಟರಿಂದ ಅಡ್ಡಿಯಿಲ್ಲ.’ ಅಮೆರಿಕದ ಕಂಪನಿಗೆ ಧರ್ಮಶಾಸ್ತ್ರ ಇಷ್ಟು ಚೆನ್ನಾಗಿ ಗೊತ್ತಿದೆ ಎಂದು ನನಗೆ ತಿಳಿದಿರಲಿಲ್ಲ. ಶಾಸ್ತ್ರವೆಂದ ಮೇಲೆ ಪ್ರಾಯಶ್ಚಿತ್ತವೂ ಇರಬೇಕಲ್ಲ, ಇದೆ. ಏಳನೇ ತಲೆಮಾರಿನ ಕೆಲವೇ ಕೆಲವು ಪ್ರೊಸೆಸರುಗಳಿಗೆ 2021ರಲ್ಲಿ ವಿನಾಯಿತಿ ಸಿಕ್ಕಿತು. ಅವುಗಳಲ್ಲೊಂದು ಮೈಕ್ರೋಸಾಫ್ಟ್ ತಾನೇ ತಯಾರಿಸಿ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2ರೊಳಗೆ ಕೂತಿತ್ತು. ಸ್ವಂತ ಮನೆಯ ಹುಡುಗನಿಗೆ ಗೋತ್ರ ನೋಡುವವರು ಯಾರು?

ನಿನಗೆ ವೈದ್ಯಕೀಯ ತಪಾಸಣೆಯನ್ನೂ ಮಾಡಿಸಿದೆ. ನಾಲ್ಕು ಜಿಬಿ ರ‍್ಯಾಮ್ ಸಾಕು ಎನ್ನುತ್ತದೆ ನಿಯಮ, ನಿನ್ನಲ್ಲಿ ಎಂಟಿದೆ. 64 ಜಿಬಿ ಜಾಗ ಸಾಕು, ನಿನ್ನಲ್ಲಿ ಊರಿಗೆಲ್ಲ ಹಂಚುವಷ್ಟಿದೆ. ಟಿಪಿಎಂ 2.0 ಎಂಬುದೊಂದು ಇರಬೇಕಂತೆ, ಅಂದರೆ ಗುಟ್ಟಿನ ಕೀಲಿಗಳನ್ನು ಬಚ್ಚಿಡುವ ತಿಜೋರಿ. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ನಿನ್ನ ಬಯೋಸ್‌ನೊಳಗೆ ಕೈ ಹಾಕಿ, ‘ಅಂಕಲ್, ತಿಜೋರಿ ಇದೆ, ಬಾಗಿಲು ತೆಗೆದಿರಲಿಲ್ಲ ಅಷ್ಟೆ’ ಎಂದು ತೆಗೆದುಕೊಟ್ಟ. ಕಣ್ಣು ಸರಿ, ಕಿವಿ ಸರಿ, ಬಿಪಿ ಸರಿ. ಕೊನೆಗೆ ಪ್ರೊಸೆಸರ್ ಎಂಬಲ್ಲಿ ಕೆಂಪು ಗುರುತು. ಈ ಕಂಪ್ಯೂಟರ್ ‘ಸದ್ಯಕ್ಕೆ’ ಅರ್ಹತೆ ಪೂರೈಸುವುದಿಲ್ಲ ಎಂಬರ್ಥದ ಒಕ್ಕಣೆ. ಆ ‘ಸದ್ಯಕ್ಕೆ’ ನೋಡಿ ನನಗೆ ರೋಮಾಂಚನವಾಯಿತು. ಹಾರ್ಲಿಕ್ಸ್ ಕುಡಿಸಿದರೆ ಪ್ರೊಸೆಸರ್ ಬೆಳೆದೀತು ಎಂಬಂತೆ! ಎಂದೆಂದಿಗೂ ಆಗದ ಕೆಲಸಕ್ಕೆ ‘ಸದ್ಯಕ್ಕೆ ಅವಕಾಶವಿರುವುದಿಲ್ಲ’ ಎಂದು ಬರೆಯುವ ವಿದ್ಯೆ ನಮ್ಮ ಕಚೇರಿಯ ಸ್ವತ್ತು ಎಂದುಕೊಂಡಿದ್ದೆ.

ನಿನಗೆ ಮಾತು ಕೊಟ್ಟಿದ್ದರೇ ಎಂದರೆ, ಕೊಟ್ಟಂತೆಯೂ ಇದೆ. ವಿಂಡೋಸ್ 10 ಬಂದ 2015ರಲ್ಲಿ, ಇದೇ ಕೊನೆಯ ವಿಂಡೋಸ್ ಎಂದು ಕಂಪನಿಯ ನೌಕರರೊಬ್ಬರು ಸಮ್ಮೇಳನವೊಂದರಲ್ಲಿ ಹೇಳಿದ್ದರು. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂತು. ನಮ್ಮಲ್ಲೂ ‘ಇದೇ ಕೊನೆಯ ಸಲ, ಇನ್ನು ವರ್ಗಾವಣೆ ಇಲ್ಲ’ ಎನ್ನುತ್ತಿದ್ದ ಸಾಹೇಬರೊಬ್ಬರಿದ್ದರು. ವರ್ಗವಾಗಿ ಹೋದರು.

ಸರಿ, ಕಡತ ಮಂಡಿಸುತ್ತೇನೆ. ನಿನ್ನ ಮುಂದೆ ಐದು ದಾರಿಗಳಿವೆ.

ಒಂದು, ಸುಮ್ಮನಿರುವುದು. ಬೆಂಬಲ ಹೋದರೇನು, ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ, ಇಸ್ಪೀಟು ಆಡಬಹುದು. ‘ಮಿಕ್ಸಿಗೆ ಇಪ್ಪತ್ತು ವರ್ಷ ಆಯ್ತು, ಅದಕ್ಕೆ ಯಾರು ಬೆಂಬಲ ಕೊಡ್ತಿದ್ದಾರೆ?’ ಎಂದು ಮನೆಯವಳು ಕೇಳಿದಳು. ಉತ್ತರ ಹೊಳೆಯಲು ಅರ್ಧ ದಿನ ಬೇಕಾಯಿತು: ಮಿಕ್ಸಿಯ ಜಾರಿನೊಳಗೆ ಯಾರೂ ಇಂಟರ್ನೆಟ್ಟಿನಿಂದ ಕೈ ಹಾಕುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಬಂದು ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರುಗಳನ್ನೇ ಒತ್ತೆ ಇಟ್ಟುಕೊಂಡಿತ್ತು. ಅದರ ಮದ್ದು ಮಾರ್ಚ್‌ನಲ್ಲೇ ಬಿಡುಗಡೆಯಾಗಿತ್ತು, ಹಾಕಿಕೊಳ್ಳದವರು ಬಿದ್ದರು. ಇನ್ನು ನಿನಗೆ ಮದ್ದೇ ಬರುವುದಿಲ್ಲ ಎಂದಾದರೆ ನಿನ್ನೆದುರು ಕೂತು ಪಿಂಚಣಿ ಖಾತೆ ತೆರೆಯುವಷ್ಟು ಗುಂಡಿಗೆ ನನಗಿಲ್ಲ. ಈ ವಿಷಯದಲ್ಲಿ ನಾನು ಕಂಪನಿಯ ಪಕ್ಷ, ಬೇಜಾರು ಮಾಡಿಕೊಳ್ಳಬೇಡ.

ಎರಡು, ಅಡ್ಡದಾರಿ. ರಿಜಿಸ್ಟ್ರಿಯಲ್ಲಿ ಒಂದು ಸಾಲು ತಿದ್ದಿದರೆ ತಲೆಮಾರು ಕೇಳದೆ ವಿಂಡೋಸ್ 11 ಒಳಗೆ ಬಂದುಬಿಡುತ್ತದಂತೆ. ಆದರೆ ಹಾಗೆ ಬಂದವರಿಗೆ ಅಪ್‌ಡೇಟ್ ಸಿಗುವ ಖಾತರಿಯಿಲ್ಲ ಎಂದು ಕಂಪನಿ ಮೊದಲೇ ಹೇಳಿದೆ. ಇದು ಜನ್ಮದಿನಾಂಕ ತಿದ್ದುವ ಕೇಸು. ಇದರ ಬಗ್ಗೆ ಆಮೇಲೆ ಹೇಳುವುದಿದೆ.

ಮೂರು, ಸೇವಾವಧಿ ವಿಸ್ತರಣೆ. 30 ಡಾಲರ್ ಕಟ್ಟಿದರೆ, ಎಂದರೆ ಎರಡೂವರೆ ಸಾವಿರ ರೂಪಾಯಿಯ ಆಸುಪಾಸು, 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಮದ್ದು ಮಾತ್ರ ಕೊಡುತ್ತಾರೆ. ಹೊಸ ಸೌಲಭ್ಯವಿಲ್ಲ, ಬಡ್ತಿಯಿಲ್ಲ. (ಹೊಸ ಸೌಲಭ್ಯ ಬೇಡವೆಂದು ನಾನೇ ಬರೆದುಕೊಡುತ್ತಿದ್ದೆ.) ದುಡ್ಡು ಕಟ್ಟದವರು ಕಂಪನಿಯ ಖಾತೆಗೆ ಲಾಗಿನ್ ಆಗಿ ನಿನ್ನ ಸೆಟ್ಟಿಂಗುಗಳ ಪ್ರತಿಯನ್ನು ಅದರ ಕ್ಲೌಡ್ ಎಂಬ ಮೋಡದಲ್ಲಿ ಇಟ್ಟರೂ ಸಾಕು. ಪ್ರತಿ ನವೆಂಬರ್‌ನಲ್ಲಿ ನಾನು ಬದುಕಿದ್ದೇನೆ ಎಂದು ಬೆರಳೊತ್ತಿ ಜೀವಂತ ಪ್ರಮಾಣಪತ್ರ ಕೊಡುತ್ತೇನಲ್ಲ, ಹಾಗೆಯೇ. ನನ್ನದನ್ನು ವರ್ಷವರ್ಷವೂ ಕೇಳುತ್ತಾರೆ, ನಿನ್ನದು ಒಂದೇ ವರ್ಷಕ್ಕೆ. ಆಮೇಲೆ ಬದುಕಿದ್ದರೂ ಲೆಕ್ಕಕ್ಕಿಲ್ಲ.

ನಾಲ್ಕು, ಮಗ ಹೇಳಿದ ದಾರಿ. ಹೊಸದು ತರಲು ಒಂದು ತಿಂಗಳ ಪಿಂಚಣಿ ಪೂರ್ತಿ ಹೋಗಿ ಎರಡನೆಯದಕ್ಕೂ ಕೈ ಹಾಕೀತು. ಮದರ್‌ಬೋರ್ಡ್ ಸುಟ್ಟಿದ್ದರೆ, ವಿಂಡೋಸ್ 11ರಲ್ಲೇ ಆಗಬೇಕಾದ ಕೆಲಸ ನನಗಿದ್ದರೆ, ಒಂದು ಮಾತೂ ಆಡದೆ ತರುತ್ತಿದ್ದೆ. ‘ಅದು ತುಂಬಾ ಸ್ಲೋ ಅಪ್ಪಾ’ ಎಂಬುದು ಮಗನ ವಾದ. ಹೌದು, ನಿನ್ನ ಗುಂಡಿ ಒತ್ತಿ, ಕಾಫಿ ಕುಡಿದು, ಪೇಪರು ಓದಿ ಬಂದರೂ ನೀನು ಆಕಳಿಸುತ್ತಿರುತ್ತೀಯೆ. ಪಕ್ಕದ ಮನೆಯ ಆ ಹುಡುಗ ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದ: ಪ್ರೊಸೆಸರ್ ಕಾಲು ಚಾಚಿ ಕೂತಿದೆ, ಹಾರ್ಡ್ ಡಿಸ್ಕ್ ಮಾತ್ರ ನೂರಕ್ಕೆ ನೂರು ಬಳಕೆಯಲ್ಲಿ ಏದುಸಿರು ಬಿಡುತ್ತಿದೆ. ನಮ್ಮ ಕಚೇರಿಯಲ್ಲೂ ಅಷ್ಟೆ. ತಹಶೀಲ್ದಾರರು ಸಹಿ ಹಾಕಲು ಪೆನ್ನು ಹಿಡಿದು ಕೂತಿರುತ್ತಿದ್ದರು, ರೆಕಾರ್ಡ್ ರೂಮಿನಿಂದ ಕಡತ ಬರುತ್ತಿರಲಿಲ್ಲ. ಜನ ಬೈಯುತ್ತಿದ್ದದ್ದು ತಹಶೀಲ್ದಾರರನ್ನು. ತಿರುಗುವ ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ ಹಾಕಿಸಿದರೆ ನೀನು ಎದ್ದು ಓಡುತ್ತೀಯೆ. ಅದಕ್ಕೆ ಹೊಸ ಕಂಪ್ಯೂಟರ್ ಬೇಕಿಲ್ಲ.

ಐದು, ಎರವಲು ಸೇವೆ. ಇಲಾಖೆಯೇ ಬೇರೆ, ಹೆಸರು ಲಿನಕ್ಸ್. ಅಲ್ಲಿ ಗೋತ್ರ ಕೇಳುವುದಿಲ್ಲ, ದುಡ್ಡೂ ಕೇಳುವುದಿಲ್ಲ. ಲಿನಕ್ಸ್ ಮಿಂಟ್ ಎಂಬುದನ್ನು ಪೆನ್‌ಡ್ರೈವಿನಿಂದಲೇ ನಡೆಸಿ, ನಿನ್ನ ಡಿಸ್ಕನ್ನು ಮುಟ್ಟದೆ ರುಚಿ ನೋಡಬಹುದು. ಅದರ 22ನೇ ಆವೃತ್ತಿಗೆ 2029ರ ಏಪ್ರಿಲ್‌ವರೆಗೆ ಮದ್ದು ಸರಬರಾಜು. ನನ್ನ ಬೆರಳಿಗೆ ಅಂಟಿದ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯೂ ಅಲ್ಲಿದೆ. ಕನ್ನಡ ಟೈಪು ಮಾಡಿ ನೋಡಿದೆ, ಒತ್ತಕ್ಷರ ಒತ್ತಿದಲ್ಲೇ ಕೂತಿತು. ಹೃದಯ ಅರ್ಧ ಹಗುರವಾಯಿತು.

ಇನ್ನರ್ಧ ಭಾರ ನಿನ್ನ ‘ಡಿ’ ಡ್ರೈವಿನಲ್ಲಿದೆ. ಅಲ್ಲಿ ನನ್ನ ಇಪ್ಪತ್ತು ವರ್ಷದ ‘ನುಡಿ’ ತಂತ್ರಾಂಶದ ಕಡತಗಳಿವೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನವು, ಹಳೆಯ ಫಾಂಟಿನವು. ಆ ಫಾಂಟಿಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಟೊಪ್ಪಿ, ಬಾಲ ಬಂದ ಹಾಗೆ ಕಾಣುತ್ತದೆ, ದೆವ್ವ ಹಿಡಿದ ಮಗ್ಗಿ. ಕರ್ನಾಟಕದಲ್ಲಿ ಕಂಪ್ಯೂಟರ್ ಬದಲಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ತಲೆಮಾರಿನದಲ್ಲ, ಇದು. ಯಂತ್ರ ಹೋದರೆ ಯಂತ್ರ ಬರುತ್ತದೆ. ಬರೆದದ್ದನ್ನು ಓದಲಾಗದೆ ಹೋದರೆ ಅದನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು?

ಹಾಗೆಂದು ಮೊನ್ನೆ ಒಂದೊಂದೇ ಕಡತ ತೆರೆದು ಯೂನಿಕೋಡಿಗೆ ಪರಿವರ್ತಿಸುತ್ತ ಕೂತೆ. ಒಂದರ ಹೆಸರು ‘ಹಿಂಬರಹ ಹೊಸದು ಫೈನಲ್ 2’. ತೆರೆದೆ. ‘ಕಾಲಮಿತಿ ಮೀರಿರುವುದರಿಂದ ತಮ್ಮ ಮನವಿಯನ್ನು ಪರಿಗಣಿಸಲು ಸದ್ಯಕ್ಕೆ ಅವಕಾಶವಿರುವುದಿಲ್ಲ.’

ಸಿಬ್ಬಂದಿ ಶಾಖೆಯಲ್ಲಿದ್ದಾಗ ನಾನೇ ಟೈಪು ಮಾಡಿದ್ದು. ನಮ್ಮ ಕಚೇರಿಯ ಜವಾನನೊಬ್ಬ, ತಾನು ಹುಟ್ಟಿದ್ದು ಜೂನ್ 1ರಂದು ಅಲ್ಲ, ಸುಗ್ಗಿಯಲ್ಲಿ ಎಂದು ಜನ್ಮದಿನಾಂಕ ತಿದ್ದುಪಡಿಗೆ ಅರ್ಜಿ ಕೊಟ್ಟಿದ್ದ. ‘ಬೇಕಾದ್ರೆ ನಮ್ಮವ್ವನ್ನೇ ಕರ್ಕೊಂಡು ಬರ್ತೀನಿ ಸ್ವಾಮಿ, ಕೇಳಿ’ ಎಂದ. ಸೇವೆಗೆ ಸೇರಿದ ಮೇಲೆ ವಯಸ್ಸಿನ ತಕರಾರು ಎತ್ತಲು ಮೂರು ವರ್ಷದ ಗಡುವೆಂದು 1974ರ ಕಾಯ್ದೆ ತೋರಿಸಿದೆ. ಕಾನೂನಿನ ಪ್ರಕಾರ ನಾನು ಸರಿ. ಅವನವ್ವನನ್ನು ನಾನು ನೋಡಲೇ ಇಲ್ಲ. ಸೀಲು ಒತ್ತಿದ ಸದ್ದು ಮಾತ್ರ ಜೋರಾಗಿತ್ತು ಎಂದು ನೆನಪು. ಆ ದೊಡ್ಡ ಕಂಪನಿಯನ್ನು ಬೈಯಲು ಕಚ್ಚೆ ಕಟ್ಟಿ ಕೂತವನಿಗೆ, ಅದೂ ನನ್ನದೇ ಶಾಖೆ ಎಂದು ತಿಳಿದದ್ದು ಅಲ್ಲಿ.

ಆದುದರಿಂದ ಕೆಳಕಂಡ ಆದೇಶ.

ನಿನ್ನನ್ನು 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಸೇವೆಯಲ್ಲಿ ಮುಂದುವರಿಸಿದೆ. ಈ ಅವಧಿಯನ್ನು ಚಾರ್ಜ್ ವಹಿಸಿಕೊಡಲು ಬಳಸತಕ್ಕದ್ದು: ಹಳೆಯ ಕಡತಗಳೆಲ್ಲ ಯೂನಿಕೋಡಿಗೆ ಬಂದು, ಅವುಗಳ ಒಂದು ಪ್ರತಿ ಬೇರೆ ಡ್ರೈವಿನಲ್ಲಿ ಕೂರುವವರೆಗೆ ನಿನಗೆ ಬಿಡುಗಡೆಯಿಲ್ಲ. ಅನಂತರ ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಇಲಾಖೆಗೆ ಅನಿರ್ದಿಷ್ಟ ಅವಧಿಗೆ ಎರವಲು ನೀಡಲಾಗುವುದು. ಮದರ್‌ಬೋರ್ಡ್ ಕೈಕೊಟ್ಟ ದಿನ ನಿನ್ನನ್ನು ಗುಜರಿ ಗಾಡಿಯವನ ತಕ್ಕಡಿಗೆ ಹಾಕದೆ, ಇ-ತ್ಯಾಜ್ಯದ ಅಧಿಕೃತ ಮರುಬಳಕೆದಾರರಿಗೆ ಸಕಲ ಮರ್ಯಾದೆಯಿಂದ ಒಪ್ಪಿಸುವುದು. ಶಾಲು ಇದೆ. ನನಗೆ ಹೊದಿಸಿದ್ದೇ, ಇನ್ನೂ ಮಡಿಕೆ ಬಿಚ್ಚಿಲ್ಲ.

ನಿನ್ನ ವಿಶ್ವಾಸಿ,
ನಿವೃತ್ತ ಶಿರಸ್ತೇದಾರ್
(ಸೇವಾ ಪುಸ್ತಕದ ಪ್ರಕಾರ)

ಪ್ರತಿಗಳು:
1) ಮಗನಿಗೆ, ಮಾಹಿತಿಗಾಗಿ. ಎಸ್‌ಎಸ್‌ಡಿ ಖರ್ಚು ಅವನ ಲೆಕ್ಕಕ್ಕೆ.
2) ಮನೆಯವಳಿಗೆ. ನೋಡಿಕೊಂಡೇ ಮಾಡಿದ್ದೇನೆ.
3) ಮಿಕ್ಸಿಗೆ, ಮಾದರಿ ಸೇವೆಗಾಗಿ ಪ್ರಶಂಸಾಪೂರ್ವಕ.
4) ಆ ಜವಾನನಿಗೆ. ವಿಳಾಸ ನಿನ್ನ ‘ಡಿ’ ಡ್ರೈವಿನ ಯಾವುದೋ ಹಳೆಯ ಕಡತದಲ್ಲಿದೆ. ಹುಡುಕಿ ಕೊಡು, ಈ ಪ್ರತಿಯನ್ನು ನಾನೇ ಕೈಯಾರೆ ತಲುಪಿಸಬೇಕು.