ಬ್ಯಾರಲ್ ಬಾಯಿಬಿಟ್ಟಾಗ

ಕಂಪ್ಲಿ ಹತ್ತಿರದ ಗದ್ದೆಯಂಚು, ತಗಡಿನ ಶೆಡ್ಡು. ಮೂಲೆಯಲ್ಲಿ ಇನ್ನೂರು ಲೀಟರಿನ ಡೀಸೆಲ್ ಬ್ಯಾರಲ್. ಮೊದಲು ಆಯಿಲ್ ಕಂಪನಿಯ ಸೇವೆಯಲ್ಲಿದ್ದು, ನಿವೃತ್ತಿಯ ಮೇಲೆ ಒಕ್ಕಲುತನಕ್ಕೆ ಇಳಿದವರು. ನಾಟಿಯ ಗಡಿಬಿಡಿಯಲ್ಲೂ ಬಿಡುವು ಮಾಡಿಕೊಂಡರು. ಬಿಡುವೆಂದರೆ, ತಳ ಕಂಡಿತ್ತು.

ತುಂಗಭದ್ರೆಯ ಕಾಲುವೆ ಇದೆಯಲ್ಲ, ನಿಮಗೇನು ಕೆಲಸ?

ನೀರು ಬಂದ್ರ ಭತ್ತ ತಾನ ಬೆಳೀತೈತೇನ್ರಿ? ಕಾಲುವಿ ಬಿಟ್ರು ಅಂದ್ರ ಊರಿನ ಟ್ರಾಕ್ಟರೆಲ್ಲ ಒಮ್ಮೆಲೇ ಗದ್ದಿಗೆ ಇಳೀತಾವ. ಕೇಜ್‌ವೀಲ್ ಹಾಕ್ಕೊಂಡು ಡಾಂಬರ್ ರಸ್ತಾ ಕಿತ್ಕೊಂತ ಬಂಕಿಗೆ ಹೋಗಾಕ ಆಕ್ಕೈತೇನು? ಅದಕ್ಕ ಬಂಕೇ ಗದ್ದಿಗೆ ಬರಬೇಕು. ಆ ಬಂಕು ನಾನು. 2024ರ ಆಗಸ್ಟಿನಾಗ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋತಲ್ಲ, ಊರಿಗೂರೇ ಹೊಸಪೇಟಿ ಕಡೆ ನೋಡ್ತಿತ್ತು. ಡ್ಯಾಮಿಗೆ 33 ಗೇಟು, ನಂಗ ಒಂದ ಬುಚ್ಚು. ಅದೂ ಸೋರ್ತೈತಿ. ಯಾವ ಮಂತ್ರಿನೂ ನೋಡಾಕ ಬರಲಿಲ್ಲ.

ನೀವು ಕಾನೂನುಬದ್ಧವೇ?

1934ರ ಪೆಟ್ರೋಲಿಯಂ ಕಾಯ್ದೆ ಓದ್ರಿ. ಡೀಸೆಲ್ಲು ಬಿ ವರ್ಗ. ಒಂದ ಜಾಗದಾಗ 2,500 ಲೀಟರ್ ತನಕ ಲೈಸೆನ್ಸ್ ಬ್ಯಾಡ, ಯಾವ ಪಾತ್ರಿನೂ 1,000 ಲೀಟರ್ ಮೀರಬಾರದು ಅಷ್ಟ. ಆದ್ರೂ ಟ್ರಾಲಿಯಾಗ ನನ್ನ ಕಂಡ್ರ ಬಂಕಿನವರು ಪೊಲೀಸರಂಗ ಹೆಸರು-ಊರು ಕೇಳ್ತಾರ. ದಾರಿಯಾಗ ಪೊಲೀಸರು ಬಂಕಿನವರಂಗ ‘ಎಷ್ಟು ಹಾಕ್ತಿ?’ ಅಂತಾರ.

ಸಂಡೂರಿನ ಗಣಿಗಳಲ್ಲಿ ನಿಮ್ಮ ಬಳಗ ದೊಡ್ಡದಂತೆ?

ಸಾಹುಕಾರ ದಾಯಾದಿಗಳು. ದೊಡ್ಡ ಟ್ಯಾಂಕು, ಸ್ವಂತ ಪಂಪು, ಹೋಲ್‌ಸೇಲ್ ಖರೀದಿ. 2011ರ ಜುಲೈನಾಗ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ಸ್ವಲ್ಪ ತಣ್ಣಗಾದ್ರು. ನಿಜವಾದ ತಮಾಷಿ 2022ರ ಮಾರ್ಚಿನಾಗ. ಹೋಲ್‌ಸೇಲ್ ಡೀಸೆಲ್ಲಿಗೆ ಲೀಟರಿಗೆ 25 ರೂಪಾಯಿ ಏರಿಸಿದ್ರು, ಬಂಕಿನ ರೇಟು ಇದ್ದಂಗ ಇತ್ತು. ಹೆಚ್ಚು ತಗೊಂಡವಗ ಹೆಚ್ಚು ರೇಟು! ಯಾವ ಸಂತ್ಯಾಗ ಐತ್ರಿ ಈ ಲೆಕ್ಕ? ಸರ್ಕಾರಿ ಬಸ್ಸೂ ಡಿಪೋ ಬಿಟ್ಟು ಬಂಕಿನ ಪಾಳಿಗೆ ಬಂದ್ವು. ನನ್ನ ಹಿಂದ ನಿಂತು ಹಾರ್ನ್ ಹೊಡೀತಿತ್ತೊಂದು. ನಾ ಸರೀಲಿಲ್ಲ.

ಅಂದರೆ ಸರ್ಕಾರ ರೈತನ ಬ್ಯಾರಲ್ ಮರೆತಿದೆಯೇ?

ಛೇ, ಹಂಗ ಅನ್ನಬ್ಯಾಡ್ರಿ. 2022ರ ಬಜೆಟ್‌ನಾಗ ‘ರೈತ ಶಕ್ತಿ’ ಅಂತ ಎಕರೆಗೆ 250 ರೂಪಾಯಿ ಡೀಸೆಲ್ ಸಹಾಯಧನ ಸಾರಿದ್ರು, ಐದು ಎಕರೆ ಮಟ. ಆಗಿನ ರೇಟಿಗೆ ಮೂರು ಲೀಟರೂ ಬರ್ತಿರಲಿಲ್ಲ. ನನ್ನ ತಳದ ರಾಡಿನೇ ಅದಕ್ಕಿಂತ ಹೆಚ್ಚೈತಿ. ಆಮ್ಯಾಲ ಬಂದ ಸರ್ಕಾರ 2024ರಾಗ ಒಮ್ಮೆ, 2025ರಾಗ ಒಮ್ಮೆ ಮಾರಾಟ ತೆರಿಗೆ ಏರಿಸ್ತು. ಕೊಡೋದು ಬ್ಯಾಂಕ್ ಖಾತೆಗೆ, ಕಸಗೊಳ್ಳೋದು ನನ್ನ ಬಾಯಿಂದ.

ಹಂಪಿಗೆ ಬ್ಯಾಟರಿ ಗಾಡಿ ಬಂದಿವೆ. ಹೆದರಿಕೆಯೇ?

ವಿಠ್ಠಲನ ಗುಡಿಗೆ ಪ್ರವಾಸಿಗರನ್ನ ಒಯ್ತಾವ, ಒಯ್ಯಲಿ. ಅದಕ್ಕೊಂದು ಕೇಜ್‌ವೀಲ್ ಹಾಕಿ ಕಂಪ್ಲಿ ಕೆಸರಿಗೆ ಇಳಸ್ರಿ, ಆಮ್ಯಾಲ ಮಾತಾಡೋಣು. ಅಲ್ಲೇ ಕಲ್ಲಿನ ರಥ ನೋಡೀರಲ್ಲ? ನಮ್ಮ ರೈತಗ ಸದ್ಯಕ್ಕ ಸಿಗೋ ಡೀಸೆಲ್ ಬೇಡದ ಗಾಡಿ ಅದೊಂದ.

(ನಮ್ಮ ಫೋಟೋಗ್ರಾಫರ್ ಕಡೆ ತಿರುಗಿ) ಏ ತಮ್ಮಾ, ಆಚಿ ಹೋಗಿ ಹಚ್ಚು. ಬಿ ವರ್ಗ ಅಂದ್ರ ಬೀಡಿ ವರ್ಗ ಅಲ್ಲ.