ಕ್ರೋಮರ್ ಕ್ಷೇತ್ರ ಮಹಾತ್ಮೆ: ಒಂದು ಶಾಸ್ತ್ರೀಯ ವಿವೇಚನೆ

ಕ್ರೋಮರ್ ಎಂಬುದು ಇಂಗ್ಲೆಂಡಿನ ನಾರ್ಫೋಕ್ ಕೌಂಟಿಯಲ್ಲಿ ಉತ್ತರ ಸಮುದ್ರದ ದಡಕ್ಕಿರುವ ಪುಟ್ಟ ಪಟ್ಟಣ. ಬೇಸಿಗೆಯಲ್ಲಿ ಇಲ್ಲಿಗೆ ಯಾತ್ರಿಕರು ತಂಡೋಪತಂಡವಾಗಿ ಬರುತ್ತಾರೆ. ಬಂದವರೆಲ್ಲ ಸಮುದ್ರದ ದರ್ಶನ ಪಡೆಯುತ್ತಾರೆ; ನೀರಿಗಿಳಿಯುವವರು ವಿರಳ. ಈ ವೈರಾಗ್ಯದ ಮೀಮಾಂಸೆಯೇ ಇಲ್ಲಿನ ವಿಷಯ.

ಸ್ನಾನವೇ ಯಾತ್ರೆಯ ಫಲವೆಂಬುದು ಪೂರ್ವಪಕ್ಷ. 1750ರಲ್ಲಿ ಡಾ. ರಿಚರ್ಡ್ ರಸೆಲ್ ಲ್ಯಾಟಿನ್‌ನಲ್ಲಿ ಬರೆದ ಗ್ರಂಥ ಅದಕ್ಕೆ ಪ್ರಮಾಣ. ಗ್ರಂಥಿಗಳ ರೋಗಕ್ಕೆ ಆತ ಸಮುದ್ರಸ್ನಾನವನ್ನಲ್ಲದೆ ಸಮುದ್ರಪಾನವನ್ನೂ ವಿಧಿಸಿದ. ಲ್ಯಾಟಿನ್‌ನಲ್ಲಿದ್ದುದರಿಂದ ಯಾರೂ ಎದುರಾಡಲಿಲ್ಲವೆಂದು ಊಹಿಸಬಹುದು.

ಸಿದ್ಧಾಂತಪಕ್ಷದ ಆದ್ಯ ಪುರುಷ ಜೇನ್ ಆಸ್ಟಿನ್‌ರ ‘ಎಮ್ಮಾ’ ಕಾದಂಬರಿಯ ವುಡ್‌ಹೌಸ್. ಸಮುದ್ರದಿಂದ ಯಾರಿಗಾದರೂ ಉಪಯೋಗವಾಗುವುದು ತೀರ ವಿರಳ, ತನ್ನನ್ನಂತೂ ಅದು ಒಮ್ಮೆ ಕೊಂದೇಬಿಡುತ್ತಿತ್ತು ಎನ್ನುವ ಈತ, ಹೋಗಲೇಬೇಕಿದ್ದರೆ ಕ್ರೋಮರ್‌ಗೆ ಹೋಗಿ ಎನ್ನುತ್ತಾನೆ. ಸಮೀಪಿಸಬೇಕು, ಸೋಕಬಾರದು ಎಂಬ ಸೂತ್ರ ಇಲ್ಲಿಂದಲೇ ಹೊರಡುತ್ತದೆ. ಆಗಸ್ಟ್‌ನಲ್ಲೂ 17 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಉಳಿಯುವ ನೀರು ಇದಕ್ಕೆ ಬರೆದ ಭಾಷ್ಯ.

ಸೂತ್ರದ ಸಾಕಾರರೂಪ 1901ರಲ್ಲಿ ತೆರೆದ ಪಿಯರ್. ಇದು ಆಚೆ ದಡವಿಲ್ಲದ ಸೇತುವೆ. ಸುಮಾರು 150 ಮೀಟರ್ ನಡೆದು ಅಲೆಗಳ ಮೇಲೆ ತಲುಪಿದವನಿಗೆ ಅಲ್ಲಿ ಸಿಗುವುದು ಒಂದು ನಾಟಕಮಂದಿರ. ಟಿಕೆಟ್ ಕೊಂಡು ಒಳಹೊಕ್ಕು, ದೀಪ ಆರಿದ ಮೇಲೆ, ಸಮುದ್ರ ಕಾಣದಂತೆ ಕುಳಿತು ಹಾಡು ಹಾಸ್ಯ ಸವಿಯುವುದು ವಾಡಿಕೆ. ಇಷ್ಟಕ್ಕೆ ಊರೊಳಗೇ ಮಂದಿರ ಸಾಲದೇ ಎಂಬ ಪ್ರಶ್ನೆ ಅಶಾಸ್ತ್ರೀಯ. 1993ರಲ್ಲಿ ಬಿರುಗಾಳಿಗೆ ಸಿಕ್ಕ ಬಾರ್ಜ್ ಒಂದು ಪಿಯರನ್ನು ನಡುವೆ ತುಂಡರಿಸಿತು. ಸಮುದ್ರದ ಈ ಆಕ್ಷೇಪವನ್ನು ದುರಸ್ತಿಯಿಂದ ಖಂಡಿಸಲಾಯಿತು.

ಅಪವಾದವೂ ಉಂಟು. ಇಲ್ಲಿನ ಲೈಫ್‌ಬೋಟ್ ನಾಯಕ ಹೆನ್ರಿ ಬ್ಲಾಗ್ 53 ವರ್ಷ ಕಡಲಿಗಿಳಿದು, ಸಂಗಡಿಗರೊಡನೆ 873 ಜೀವ ಉಳಿಸಿದ. ಆತನಿಗೆ ಈಜು ಬರುತ್ತಿರಲಿಲ್ಲ. ಹೀಗಾಗಿ ಅಪವಾದವೂ ಸಿದ್ಧಾಂತವನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ.

ಮಕ್ಕಳು ಪಿಯರ್ ಮೇಲಿಂದ ದಾರಕ್ಕೆ ಹಂದಿಮಾಂಸದ ಚೂರು ಕಟ್ಟಿ ಇಳಿಬಿಟ್ಟು ಏಡಿ ಹಿಡಿಯುತ್ತಾರೆ, ಬಕೆಟ್‌ನಲ್ಲಿಟ್ಟು ನೋಡಿ ಮತ್ತೆ ನೀರಿಗೆ ಬಿಡುತ್ತಾರೆ. ಹಿರಿಯರು ಊರಿನ ಪ್ರಸಿದ್ಧ ಏಡಿಯನ್ನು ಅದರ ಚಿಪ್ಪಿನಲ್ಲೇ ತುಂಬಿಸಿಕೊಂಡು ತಿನ್ನುತ್ತಾರೆ. ಎರಡರಲ್ಲೂ ಸಮುದ್ರವೇ ಮೇಲೆ ಬರುತ್ತದೆ, ಮನುಷ್ಯ ಇಳಿಯುವುದಿಲ್ಲ.

ಉಳಿದದ್ದು ಕಡಲಕ್ಕಿಯ ಪ್ರಕರಣ. ಚಿಪ್ಸ್ ಇದರ ನೈವೇದ್ಯ. ಅರ್ಪಿಸುವ ಶ್ರಮವನ್ನು ಭಕ್ತನಿಗೆ ಕೊಡದೆ ತಾನೇ ಎಗರಿಸಿಕೊಳ್ಳುತ್ತದೆ. 1981ರ ವನ್ಯಜೀವಿ ಕಾಯ್ದೆ ಹಕ್ಕಿಗೆ ರಕ್ಷಣೆ ಕೊಟ್ಟಿದೆ, ಚಿಪ್ಸಿಗೆ ಕೊಟ್ಟಿಲ್ಲ. ಕಳೆದುಕೊಂಡವನು ಇನ್ನೊಂದು ಪೊಟ್ಟಣ ಕೊಳ್ಳುವುದೇ ವಿಹಿತ ಪ್ರಾಯಶ್ಚಿತ್ತ.